ಹದಿನಾಲ್ಕು ಜೆರ್ಸಿಗಳ ಎಡ್ವಿನ್ ಜಾಕ್ಸನ್

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮಗನ ಲಿಟ್ಲ್ ಲೀಗ್ ಪಂದ್ಯ ಇತ್ತು, ಅಂದರೆ ಮಕ್ಕಳ ಬೇಸ್‌ಬಾಲ್. ಎದುರು ತಂಡದ ಪಿಚರ್, ಅಂದರೆ ಚೆಂಡು ಎಸೆಯುವ ಹುಡುಗನಿಗೆ ಹತ್ತೋ ಹನ್ನೊಂದೋ ವರ್ಷ ಇರಬೇಕು. ಟೋಪಿ ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ವಾಕ್ ಕೊಡುತ್ತಾ ಹೋದ. ಮೂರೂ ಬೇಸ್ ತುಂಬಿತು. ಪ್ರತಿ ಚೆಂಡಿಗೂ ಮುಂಚೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಬಲ ತೊಡೆಯ ಹತ್ತಿರ ಬಟ್ಟೆ ಪೂರ್ತಿ ಕೆಂಪು ಮಣ್ಣಾಗಿತ್ತು. ನನ್ನ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಅಪ್ಪ, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ನೋಡಿ, ಇನ್ನೊಬ್ಬ ಎಡ್ವಿನ್ ಜಾಕ್ಸನ್!" ಅಂದ. ನಾಲ್ಕಾರು ಜನ ನಕ್ಕರು.

ಮಕ್ಕಳ ಎದುರು ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಆದರೆ ಆ ಮಾತಿನಲ್ಲಿ ಎರಡು ಅನ್ಯಾಯ ಇದೆ. ಮೊದಲನೆಯದು ಆ ಮಗುವಿಗೆ ಆದದ್ದು. ಅದರ ಬಗ್ಗೆ ಮಾತೇ ಬೇಡ, ಯಾವ ಅಪ್ಪನೂ ಹಾಗೆ ಅನ್ನಬಾರದು. ಎರಡನೆಯದು ಎಡ್ವಿನ್ ಜಾಕ್ಸನ್‌ಗೆ ಆದದ್ದು. ಅದು ಶಿಕಾಗೋದಲ್ಲಿ ವರ್ಷಗಟ್ಟಲೆ ನಡೆಯುತ್ತಾ ಬಂದಿದೆ. ಅಲ್ಲಿನ ಬೇಸ್‌ಬಾಲ್ ತಂಡ ಕಬ್ಸ್‌ನ ಅಭಿಮಾನಿಗಳ ಬಾಯಲ್ಲಿ, ಆ ತಂಡಕ್ಕೇ ಆಡಿದ್ದ ಈ ಪಿಚರ್‌ನ ಹೆಸರೇ ಬೈಗುಳ ಆಗಿಬಿಟ್ಟಿದೆ.

ಊರಿನ ಗೆಳೆಯರಿಗೆ ಒಂದೆರಡು ಮಾತು. ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಚೆಂಡುಗಳನ್ನು ಗುರಿ ಬಿಟ್ಟು ಎಸೆದರೆ, ಅದಕ್ಕೆ ಬ್ಯಾಟರ್ ಬೀಸದೇ ನಿಂತಿದ್ದರೆ, ಅವನು ಆರಾಮಾಗಿ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಅದು ವಾಕ್. ಪಿಚರ್‌ಗೆ ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿಲ್ಲ. ಇಆರ್‌ಎ ಅಂದರೆ 9 ಇನಿಂಗ್ಸ್‌ಗೆ, ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದು ಬಿಟ್ಟು, ಸರಾಸರಿ ಎಷ್ಟು ರನ್ ಕೊಡುತ್ತಾನೆ ಅನ್ನುವ ಲೆಕ್ಕ. ಅದು 3ರ ಆಸುಪಾಸಿನಲ್ಲಿದ್ದರೆ ಒಳ್ಳೆಯವನು, 5 ದಾಟಿದರೆ ಕೆಲಸಕ್ಕೆ ಕುತ್ತು.

ಜಾಕ್ಸನ್‌ನ ಇಡೀ ವೃತ್ತಿಯ ಇಆರ್‌ಎ 4.78. ಪಿಚರ್ ಆಗಿ ಅವನ ಲೆಕ್ಕಕ್ಕೆ ಬರೆದ ಗೆಲುವು 107, ಸೋಲು 133. ಒಟ್ಟು 14 ತಂಡಗಳು. ಈ ಮೂರು ಅಂಕಿ ಇಟ್ಟುಕೊಂಡು ಜನ ಅವನ ಕಥೆ ಮುಗಿಸುತ್ತಾರೆ. ಎಲ್ಲೂ ನೆಲೆ ನಿಲ್ಲದವನು, ಇವತ್ತು ಹಾಗೆ ನಾಳೆ ಹೀಗೆ, ನಂಬುವ ಹಾಗಿಲ್ಲ ಅಂತ. ನನ್ನ ತಕರಾರು ಇರುವುದು ಇಲ್ಲೇ. ಅವನು ನೆಲೆ ನಿಲ್ಲಲಿಲ್ಲ ಅನ್ನುತ್ತೀರಲ್ಲ, ಯಾರು ನಿಲ್ಲಲು ಬಿಟ್ಟರು?

ಅವನು ಹುಟ್ಟಿದ್ದೇ ಜರ್ಮನಿಯ ನಾಯ್-ಉಲ್ಮ್‌ನಲ್ಲಿ, 1983ರಲ್ಲಿ. ಅಪ್ಪ ಅಮೆರಿಕದ ಸೈನ್ಯದಲ್ಲಿದ್ದರು. ಹೈಸ್ಕೂಲು ಜಾರ್ಜಿಯಾದ ಕೊಲಂಬಸ್‌ನಲ್ಲಿ. 2001ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಆರಿಸಿಕೊಂಡರು. 2003ರ ಸೆಪ್ಟೆಂಬರ್ 9, ಅವನಿಗೆ ಸರಿಯಾಗಿ 20 ತುಂಬಿದ ದಿನ, ದೊಡ್ಡ ಲೀಗ್‌ನಲ್ಲಿ ಮೊದಲ ಸಲ ಮೌಂಡ್, ಅಂದರೆ ಪಿಚರ್ ನಿಲ್ಲುವ ದಿಬ್ಬ ಹತ್ತಿದ. ಎದುರಿಗೆ ಅರಿಜೋನಾದ ರ್‍ಯಾಂಡಿ ಜಾನ್ಸನ್. ಆ ಕಾಲದಲ್ಲಿ ಪಿಚರ್ ಜಾನ್ಸನ್ ಎದುರು ನಿಲ್ಲುವುದಕ್ಕೆ ಹತ್ತು ವರ್ಷ ಆಡಿದವರಿಗೂ ಕಾಲು ನಡುಗುತ್ತಿತ್ತು. ಈ ಹುಡುಗ ಗೆದ್ದ.

ಆಮೇಲಿನ ಎರಡು ವರ್ಷ ಸರಿ ಹೋಗಲಿಲ್ಲ. 2006ರ ಜನವರಿಯಲ್ಲಿ ಡಾಡ್ಜರ್ಸ್ ಅವನನ್ನು ಟ್ಯಾಂಪಾ ಬೇಗೆ ಕೊಟ್ಟರು. ಈ ಒಂದು ವ್ಯಾಪಾರಕ್ಕೆ ನಾನು ತಕರಾರು ಮಾಡುವುದಿಲ್ಲ. ಟ್ಯಾಂಪಾದಲ್ಲಿ 2007ರಲ್ಲಿ 5 ಗೆಲುವು, 15 ಸೋಲು, ಇಆರ್‌ಎ 5.76. ಆ ತಂಡ ಅವನನ್ನು ಕೈಬಿಡಲಿಲ್ಲ, ಚೆಂಡು ಕೊಡುತ್ತಲೇ ಹೋಯಿತು. ಮರುವರ್ಷ ಅದೇ ಹುಡುಗ 14 ಗೆದ್ದ. ಆ ಸಲ ಟ್ಯಾಂಪಾದಲ್ಲಿ ಅದಕ್ಕಿಂತ ಜಾಸ್ತಿ ಗೆದ್ದ ಪಿಚರ್ ಯಾರೂ ಇರಲಿಲ್ಲ. 2007ರಲ್ಲಿ ಲೀಗ್‌ನಲ್ಲೇ ಕಟ್ಟಕಡೆ ಇದ್ದ ತಂಡ 2008ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿಯ ತನಕ ಹೋಯಿತು. ಅದಕ್ಕೆ ಅವನಿಗೆ ಸಿಕ್ಕಿದ್ದೇನು? ಡಿಸೆಂಬರ್‌ನಲ್ಲಿ ಡೆಟ್ರಾಯಿಟ್‌ಗೆ ಎತ್ತಂಗಡಿ.

ಡೆಟ್ರಾಯಿಟ್‌ನಲ್ಲಿ 2009ರಲ್ಲಿ 13 ಗೆಲುವು, ಇಆರ್‌ಎ 3.62. ಲೀಗ್‌ನ ಒಳ್ಳೆಯ ಆಟಗಾರರನ್ನು ಆರಿಸಿ ಮಾಡುವ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ. ವೃತ್ತಿಯ ಅತ್ಯುತ್ತಮ ವರ್ಷ ಅಂತ ಎಲ್ಲರೂ ಒಪ್ಪುತ್ತಾರೆ. ಅದೇ ಡಿಸೆಂಬರ್‌ನಲ್ಲಿ ಮತ್ತೆ ಮಾರಿದರು. ಮೂರು ತಂಡಗಳ ನಡುವಿನ ದೊಡ್ಡ ವ್ಯಾಪಾರ ಅದು. ಕರ್ಟಿಸ್ ಗ್ರ್ಯಾಂಡರ್ಸನ್ ನ್ಯೂಯಾರ್ಕ್ ಯಾಂಕೀಸ್‌ಗೆ, ಮ್ಯಾಕ್ಸ್ ಶೆರ್ಜರ್ ಡೆಟ್ರಾಯಿಟ್‌ಗೆ, ಜಾಕ್ಸನ್ ಅರಿಜೋನಾಗೆ. ಶೆರ್ಜರ್ ಮುಂದೆ ಆ ಕಾಲದ ಮಹಾ ಪಿಚರ್‌ಗಳಲ್ಲಿ ಒಬ್ಬನಾದ. ಹಾಗಾಗಿ ಅರಿಜೋನಾದವರಿಗೆ ಜಾಕ್ಸನ್ ಕಂಡರೆ ಹೊಟ್ಟೆಯುರಿ. ಆ ವ್ಯಾಪಾರ ಮಾಡಿದ್ದು ಇವನೇನು? ಮೇಜಿನ ಹತ್ತಿರ ಕೂತು ಸಹಿ ಹಾಕಿದವರನ್ನು ಕೇಳಿ.

ಈ ಲೀಗ್‌ನ ನಿಯಮ ಹೀಗಿದೆ. ದೊಡ್ಡ ಲೀಗ್‌ಗೆ ಬಂದ ಮೊದಲ ಆರು ವರ್ಷದ ಸೇವೆ ಮುಗಿಯುವ ತನಕ ಆಟಗಾರ ತಂಡದ ಹಿಡಿತದಲ್ಲಿ. ಎಲ್ಲಿಗೆ ಕಳಿಸಿದರೂ ಹೋಗಬೇಕು. ಸುಮಾರು ಮೂರು ವರ್ಷ ಕಳೆದ ಮೇಲೆ ಆರ್ಬಿಟ್ರೇಷನ್, ಅಂದರೆ ಸಂಬಳದ ಪಂಚಾಯ್ತಿ ಶುರುವಾಗುತ್ತದೆ. ಚೆನ್ನಾಗಿ ಆಡಿದಷ್ಟೂ ಸಂಬಳ ಏರುತ್ತದೆ. ಸಂಬಳ ಏರಿದಷ್ಟೂ ಕಿಸೆ ಬಿಗಿ ಇರುವ ತಂಡಗಳಿಗೆ ಅವನು ಭಾರ. ಹಾಗಾಗಿ ಒಳ್ಳೆಯ ಬೆಲೆ ಬರುವಾಗಲೇ ಮಾರಿಬಿಡುವುದು ಅವರಿಗೆ ಲಾಭ. ಅವನು ಚೆನ್ನಾಗಿ ಆಡಿದ, ಅದಕ್ಕೇ ಊರು ಬಿಡಬೇಕಾಯಿತು. ಇದನ್ನು ಅಸ್ಥಿರತೆ ಅಂತ ಅವನ ಹಣೆಗೆ ಯಾಕೆ ಅಂಟಿಸುತ್ತೀರಿ?

ಹೊಸ ತಂಡ ಅಂದರೆ ಬರೀ ಹೊಸ ಬಟ್ಟೆ ಅಲ್ಲ. ಹೊಸ ಕ್ಯಾಚರ್. ಯಾವ ಚೆಂಡು ಯಾವಾಗ ಎಸೆಯಬೇಕು ಅಂತ ಆಗೆಲ್ಲ ಬೆರಳಲ್ಲಿ ಸಂಜ್ಞೆ ಮಾಡುತ್ತಿದ್ದವನು ಅವನೇ. ಅವನಿಗೆ ನಿನ್ನ ಕೈ ಗೊತ್ತಿಲ್ಲ, ನಿನಗೆ ಅವನ ತಲೆ ಗೊತ್ತಿಲ್ಲ. ಹೊಸ ಪಿಚಿಂಗ್ ಕೋಚ್. ಹಳೆಯ ಕೋಚ್ ವರ್ಷವಿಡೀ ಕೂತು ತಿದ್ದಿದ್ದನ್ನು ಇವನು ಬೇಡ ಅನ್ನುತ್ತಾನೆ. ಮೌಂಡ್ ಮೇಲೆ ಕಾಲಿಡುವ ಜಾಗ ಬದಲಿಸು, ಭುಜ ಹೀಗೆ ತಿರುಗಿಸು, ಪಕ್ಕಕ್ಕೆ ಜಾರುವ ಚೆಂಡು ಸ್ಲೈಡರ್ ಜಾಸ್ತಿ ಎಸೆ ಅನ್ನುತ್ತಾನೆ. ಕಲಿತು ಒಂದು ಹದಕ್ಕೆ ಬರುವಷ್ಟರಲ್ಲಿ ಮತ್ತೊಂದು ಊರಿನ ವಿಮಾನ.

ನನಗೆ ಇದು ಯಾಕೆ ಇಷ್ಟು ನಾಟುತ್ತದೆ ಅಂತ ನನ್ನ ಹಳೆಯ ಗೆಳೆಯರಿಗೆ ಗೊತ್ತಿದೆ. ಅಪ್ಪ ಸರ್ಕಾರಿ ಕೆಲಸದಲ್ಲಿದ್ದರು. ಹೊಸದುರ್ಗ, ಚಿಂತಾಮಣಿ, ಸಿಂಧನೂರು, ಮತ್ತೆ ಹಿರಿಯೂರು. ಒಂದು ಕಡೆ ಕೆಲಸ ನೆಟ್ಟಗೆ ಮಾಡಿದರು ಅನ್ನುವಷ್ಟರಲ್ಲಿ ವರ್ಗಾವಣೆ ಆರ್ಡರ್ ಬರುತ್ತಿತ್ತು. ವರ್ಷದ ಮಧ್ಯೆ ಟಿ.ಸಿ. ಹಿಡಿದು ಹೊಸ ಶಾಲೆಗೆ ಹೋದರೆ, ಅಲ್ಲಿ ಭಿನ್ನರಾಶಿ ಮುಗಿದಿರುತ್ತಿತ್ತು, ನಮ್ಮ ಶಾಲೆಯಲ್ಲಿ ಇನ್ನೂ ಶುರುವೇ ಆಗಿರುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ನಂಬರ್ ಬೀಳುತ್ತಿತ್ತು. "ಹುಡುಗ ಒಂದು ಸಲ ಚೆನ್ನಾಗಿ ಓದ್ತಾನೆ, ಒಂದು ಸಲ ಓದಲ್ಲ" ಅಂತ ಮೇಷ್ಟ್ರು ಅಮ್ಮನಿಗೆ ಹೇಳುತ್ತಿದ್ದರು. ಮದುವೆ ಮನೆಗಳಲ್ಲಿ ನೆಂಟರು ಅಪ್ಪನ ಬಗ್ಗೆ, "ಅವನು ಎಲ್ಲೂ ಹೊಂದಿಕೊಳ್ಳಲ್ಲ ಕಣಮ್ಮ" ಅಂತ ಅಮ್ಮನ ಎದುರೇ ಅನ್ನುತ್ತಿದ್ದರು. ಅಪ್ಪ ಒಂದು ದಿನವೂ ಎದುರು ಮಾತಾಡಲಿಲ್ಲ. ಆ ಮೌನ ಇವತ್ತಿಗೂ ನನಗೆ ಸಹಿಸಲು ಆಗುವುದಿಲ್ಲ. ಯಾರಾದರೂ ಇನ್ನೊಬ್ಬರ ಬಗ್ಗೆ ಅದೇ ಮಾತು ಅಂದರೆ ಮೈ ಉರಿಯುತ್ತದೆ.

ಇರಲಿ. ವಾಕ್‌ಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆ ಹುಡುಗನನ್ನು ಆಡಿಕೊಂಡದ್ದೇ ಅದಕ್ಕೆ.

2010ರ ಜೂನ್ 25. ಟ್ಯಾಂಪಾ ಬೇಯ ಮೈದಾನ ಟ್ರಾಪಿಕಾನಾ ಫೀಲ್ಡ್. ಜಾಕ್ಸನ್ ಈಗ ಅರಿಜೋನಾ ಪಿಚರ್, ಎದುರಿಗೆ ಅವನನ್ನು ಮಾರಿದ್ದ ಅದೇ ಟ್ಯಾಂಪಾ ಬೇ. ಮೊದಲ ಮೂರು ಇನಿಂಗ್ಸ್‌ನಲ್ಲೇ ಏಳು ಜನರಿಗೆ ವಾಕ್ ಕೊಟ್ಟ. ಏಳು! ಮೂರನೇ ಇನಿಂಗ್ಸ್‌ನಲ್ಲಿ ಒಬ್ಬನೂ ಔಟಾಗದೆ ಮೂರೂ ಬೇಸ್ ತುಂಬಿತು. ಅದೂ ಬರೀ ವಾಕ್‌ಗಳಿಂದಲೇ. ಬೇರೆ ದಿನವಾಗಿದ್ದರೆ ಬುಲ್‌ಪೆನ್‌ನಲ್ಲಿ ಇನ್ನೊಬ್ಬ ಕೈ ಬಿಸಿ ಮಾಡಿಕೊಂಡು ತಯಾರಾಗಿ, ಮ್ಯಾನೇಜರ್ ಬಂದು ಚೆಂಡು ಇಸಿದುಕೊಂಡು ಹೋಗುವ ಹೊತ್ತು. ಅಲ್ಲಿಂದ ಒಂದೂ ರನ್ ಬಿಡದೆ ಪಾರಾದ. ಆಮೇಲೆ ಚೆಂಡು ಗುರಿಗೆ ಬೀಳತೊಡಗಿತು. ಆರನೇ ಇನಿಂಗ್ಸ್, ಏಳನೇ, ಎಂಟನೇ. ಎಸೆತಗಳ ಲೆಕ್ಕ ಏರುತ್ತಲೇ ಇದೆ. ಈಗಿನ ಕಾಲದಲ್ಲಿ ಸ್ಟಾರ್ಟರ್, ಅಂದರೆ ಪಂದ್ಯ ಶುರು ಮಾಡುವ ಪಿಚರ್, 100ರ ಹತ್ತಿರ ಬಂದರೆ ಸಾಕು, ಇಳಿಸಿಬಿಡುತ್ತಾರೆ. ಕೈ ಉಳಿಯಬೇಕಲ್ಲ. ಇವನು 110, 120, 130 ದಾಟಿದ. ಮ್ಯಾನೇಜರ್ ಎ.ಜೆ. ಹಿಂಚ್ ಇಳಿಸಲಿಲ್ಲ. ಒಂಬತ್ತನೇ ಇನಿಂಗ್ಸ್‌ನಲ್ಲಿ ಎಂಟನೇ ವಾಕ್. 149ನೇ ಎಸೆತ ಬ್ಯಾಟ್‌ನಿಂದ ನೆಲಕ್ಕೆ ತಾಗಿ ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ಕೈಗೆ ಹೋಯಿತು. ಅಲ್ಲಿಂದ ಮೊದಲ ಬೇಸಿಗೆ. ಔಟ್.

ಒಂಬತ್ತು ಇನಿಂಗ್ಸ್ ಪೂರ್ತಿ, ಎದುರು ತಂಡದವರಿಗೆ ಒಂದೇ ಒಂದು ಹಿಟ್ ಇಲ್ಲ, ಅಂದರೆ ಚೆಂಡು ಹೊಡೆದು ಬೇಸ್ ಸೇರಿದವರು ಯಾರೂ ಇಲ್ಲ. ಇದಕ್ಕೆ ನೋ-ಹಿಟರ್ ಅನ್ನುತ್ತಾರೆ. ಹಾಲ್ ಆಫ್ ಫೇಮ್ ಸೇರಿದ ಎಷ್ಟೋ ಪಿಚರ್‌ಗಳಿಗೆ ಇಡೀ ಜೀವಮಾನದಲ್ಲಿ ಒಂದೂ ದಕ್ಕಿಲ್ಲ. ಪಂದ್ಯ 1-0. ತನ್ನ ತಂಡ ಕೊಟ್ಟದ್ದು ಒಂದೇ ರನ್, ಆಡಂ ಲಾರೋಷ್ ಹೊಡೆದ ಹೋಮ್ ರನ್. ಅಂದರೆ ಒಂದು ತಪ್ಪು ಮಾಡಿದ್ದರೂ ಆಟ ಕೈಬಿಡುತ್ತಿತ್ತು. ಅರಿಜೋನಾದ ಚರಿತ್ರೆಯಲ್ಲಿ ಅದಕ್ಕೂ ಮುಂಚೆ ನೋ-ಹಿಟರ್ ಎಸೆದಿದ್ದವನು ಒಬ್ಬನೇ, ರ್‍ಯಾಂಡಿ ಜಾನ್ಸನ್. ಇಪ್ಪತ್ತನೇ ಹುಟ್ಟುಹಬ್ಬದ ದಿನ ಜಾಕ್ಸನ್ ಸೋಲಿಸಿದ್ದ ಅದೇ ಜಾನ್ಸನ್.

ವಾಕ್ ಕೊಡುವ ಪಿಚರ್ ಕೆಲಸಕ್ಕೆ ಬಾರದವನು ಅಂತ ಹೇಳುವವರು ಆ ಮೂರನೇ ಇನಿಂಗ್ಸ್ ಒಂದು ಸಲ ನೋಡಿ. ಮೂರು ಬೇಸ್ ತುಂಬಿ, ಮುಖದ ಮೇಲೆ ಬೆವರು ಸುರಿಯುತ್ತಾ, ಇನ್ನೊಂದು ಚೆಂಡು ಎಸೆಯಲು ಧೈರ್ಯ ಮಾಡುವುದು ಎಂಥ ಕಷ್ಟ ಅನ್ನುವುದು ಗೊತ್ತಾಗುತ್ತದೆ.

ಅದಾದ ಮೇಲೆ ಅರಿಜೋನಾ ಅವನನ್ನು ಎಷ್ಟು ದಿನ ಇಟ್ಟುಕೊಂಡಿತು? ಐದು ವಾರ. ಜುಲೈ 30ಕ್ಕೆ ಶಿಕಾಗೋ ವೈಟ್ ಸಾಕ್ಸ್‌ಗೆ. ಆ ವರ್ಷ ಅರಿಜೋನಾದಲ್ಲಿ ಅವನ ಇಆರ್‌ಎ 5 ದಾಟಿತ್ತು, ನಿಜ. ಆದರೂ ವೈಟ್ ಸಾಕ್ಸ್ ಅವನಿಗೋಸ್ಕರ ಡೇನಿಯಲ್ ಹಡ್ಸನ್ ಎಂಬ ಭರವಸೆಯ ಎಳೆ ಪಿಚರ್‌ನನ್ನು ಬಿಟ್ಟುಕೊಟ್ಟರು. ಇಲ್ಲಿ ಡಾನ್ ಕೂಪರ್ ಎಂಬ ಒಳ್ಳೆಯ ಕೋಚ್ ಸಿಕ್ಕರು. ಉಳಿದ ಸೀಸನ್ನಿನಲ್ಲಿ ಇಆರ್‌ಎ 3.24ಕ್ಕೆ ಇಳಿಯಿತು. ಸರಿಯಾದ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಮರುವರ್ಷ, 2011ರ ಜುಲೈ 27, ಒಂದೇ ದಿನ ಎರಡು ಸಲ ಮಾರಾಟವಾದ. ಬೆಳಿಗ್ಗೆ ಟೊರೊಂಟೊಗೆ, ಕೆಲವೇ ಗಂಟೆಯಲ್ಲಿ ಅಲ್ಲಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ. ಸಂತೆಯಲ್ಲಿ ಎತ್ತು ಕೈ ಬದಲಾದ ಹಾಗೆ. ಅದೇ ವ್ಯಾಪಾರದಲ್ಲಿ ಅವನ ಜೊತೆ ಸೇಂಟ್ ಲೂಯಿಸ್‌ಗೆ ಬಂದ ಇನ್ನೊಬ್ಬ ಅಕ್ಟೇವಿಯೋ ಡೊಟೆಲ್. ಡೊಟೆಲ್ ಒಟ್ಟು 13 ತಂಡಗಳಿಗೆ ಆಡಿದವನು, ಜಾಕ್ಸನ್ ಮುರಿಯುವ ತನಕ ಅದೇ ದಾಖಲೆ. ಊರೂರು ಅಲೆದ ಇಬ್ಬರೂ ಒಂದೇ ದಿನ ಒಂದೇ ತಂಡಕ್ಕೆ ಬಂದರು. ಆಗಸ್ಟ್ ಕೊನೆಯಲ್ಲಿ ಆ ತಂಡ ಪ್ಲೇಆಫ್ ಜಾಗಕ್ಕೆ ಹತ್ತೂವರೆ ಪಂದ್ಯ ಹಿಂದೆ ಇತ್ತು. ಎಲ್ಲರೂ ಕೈ ತೊಳೆದುಕೊಂಡಿದ್ದರು. ಕೊನೆಗೆ ವರ್ಲ್ಡ್ ಸೀರೀಸ್ ಗೆದ್ದರು.

ಅದರಲ್ಲಿ ಅಕ್ಟೋಬರ್ 5ರ ಪಂದ್ಯ ನನಗೆ ಬಹಳ ಇಷ್ಟ. ಫಿಲಡೆಲ್ಫಿಯಾ ಆ ವರ್ಷ 102 ಪಂದ್ಯ ಗೆದ್ದಿದ್ದ ತಂಡ. ಸರಣಿಯಲ್ಲಿ 2-1 ಮುಂದೆ. ಸೋತರೆ ಸೇಂಟ್ ಲೂಯಿಸ್ ಮನೆಗೆ. ಚೆಂಡು ಕೊಟ್ಟದ್ದು ಜಾಕ್ಸನ್‌ಗೆ. ಮೊದಲ ಬ್ಯಾಟರ್ ಡಬಲ್, ಅಂದರೆ ಎರಡನೇ ಬೇಸ್ ತನಕದ ಹಿಟ್. ಎರಡನೆಯವನು ಟ್ರಿಪಲ್. ಮೂರನೆಯವನು ಸಿಂಗಲ್. ಜನ ಇನ್ನೂ ಸೀಟು ಹುಡುಕುತ್ತಿರುವಾಗಲೇ 2-0. ಆಮೇಲೆ? ಆರು ಇನಿಂಗ್ಸ್ ತನಕ ಎಸೆದ, ಇನ್ನೊಂದು ರನ್ ಬಿಡಲಿಲ್ಲ. 5-3ಕ್ಕೆ ಗೆದ್ದರು. ಅವತ್ತು ಅವನು ಕುಸಿದಿದ್ದರೆ ಆ ವರ್ಷದ ಕಪ್ ಇಲ್ಲ.

ವರ್ಲ್ಡ್ ಸೀರೀಸ್ ನಾಲ್ಕನೇ ಪಂದ್ಯದಲ್ಲಿ ಟೆಕ್ಸಸ್ ವಿರುದ್ಧ ಏಳು ವಾಕ್ ಕೊಟ್ಟ, ಸೋತ. ಅದನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಅವನು ಮೌಂಡ್ ಇಳಿಯುವಾಗ ಎದುರಾಳಿಗಿದ್ದದ್ದು ಒಂದೇ ರನ್. ಇಬ್ಬರು ಬೇಸ್ ಮೇಲಿದ್ದರು. ಅವನ ನಂತರ ಬಂದ ಪಿಚರ್ ಎಸೆದ ಮೊದಲ ಚೆಂಡನ್ನೇ ಮೈಕ್ ನಪೋಲಿ ಹೋಮ್ ರನ್‌ಗೆ ಹೊಡೆದ. ಬೇಸ್ ಮೇಲಿದ್ದ ಆ ಇಬ್ಬರ ರನ್ ಕೂಡ ಜಾಕ್ಸನ್ ಲೆಕ್ಕಕ್ಕೆ. ನಿಯಮ ಅದೇ, ತಪ್ಪಲ್ಲ. ಆದರೆ ಇಆರ್‌ಎ ಒಂದನ್ನೇ ಹಿಡಿದು ಮನುಷ್ಯನನ್ನು ಅಳೆಯುವವರು ಇಂಥದ್ದೂ ಅದರೊಳಗೆ ಸೇರಿದೆ ಅಂತ ತಿಳಿದಿರಬೇಕು.

ಈಗ ಕಬ್ಸ್. 2013ರಿಂದ ನಾಲ್ಕು ವರ್ಷಕ್ಕೆ 52 ಮಿಲಿಯನ್ ಡಾಲರ್ ಒಪ್ಪಂದ. ಮೊದಲ ವರ್ಷ 8 ಗೆಲುವು, 18 ಸೋಲು. ಎರಡನೆಯ ವರ್ಷ 6 ಗೆಲುವು, 15 ಸೋಲು, ಇಆರ್‌ಎ 6.33. 2015ರ ಜುಲೈನಲ್ಲಿ ಬಿಟ್ಟುಬಿಟ್ಟರು. "ಇಷ್ಟು ದುಡ್ಡು ತಗೊಂಡು ಇಷ್ಟು ಕೆಟ್ಟದಾಗಿ ಆಡಿದ್ದಕ್ಕೆ ಏನಂತೀಯ?" ಅಂತ ಕೇಳುತ್ತಾರೆ. 2014 ಕೆಟ್ಟದಾಗಿತ್ತು. ಅದನ್ನು ಸಮರ್ಥಿಸುವುದಿಲ್ಲ.

ಆದರೆ ಆ ಕಬ್ಸ್ ಎಂಥ ತಂಡವಾಗಿತ್ತು, ನೆನಪಿದೆಯಾ? 2013ರಲ್ಲಿ 96 ಸೋಲು. ಆಡಳಿತ ನೋಡುತ್ತಿದ್ದ ಥಿಯೋ ಎಪ್‌ಸ್ಟೀನ್ ತಂಡವನ್ನು ಬುಡದಿಂದ ಕಟ್ಟುತ್ತಿದ್ದ ಕಾಲ. ಗೆಲ್ಲುವುದನ್ನು ಮುಂದಿನ ವರ್ಷಗಳಿಗೆ ಎತ್ತಿಟ್ಟಿದ್ದರು. ಚೆನ್ನಾಗಿ ಎಸೆದ ಪಿಚರ್‌ಗಳನ್ನು ಸೀಸನ್ ನಡುವೆಯೇ ಮಾರುತ್ತಿದ್ದರು. 2013ರಲ್ಲಿ ಫೆಲ್ಡ್‌ಮನ್, ಗಾರ್ಜಾ. 2014ರಲ್ಲಿ ಸಮಾರ್ಜಾ, ಹ್ಯಾಮಲ್. ಅವರನ್ನು ಕೊಟ್ಟು ತಂದ ಹುಡುಗರಿಂದಲೇ 2016ರ ಕಪ್ ಬಂತು ಅಂತ ಇವತ್ತಿಗೂ ಹೊಗಳುತ್ತೀರಿ. ಆ ಖಾಲಿ ತಂಡದಲ್ಲಿ ಐದು ದಿನಕ್ಕೊಮ್ಮೆ ಮೌಂಡ್ ಹತ್ತಿ ಬೈಸಿಕೊಳ್ಳಲು ಒಬ್ಬ ಬೇಕಿತ್ತಲ್ಲ, ಅವನು ಜಾಕ್ಸನ್. 2013ರಲ್ಲಿ 31 ಪಂದ್ಯ ಶುರು ಮಾಡಿದ. ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ಜನ ಬೂ ಅನ್ನುತ್ತಿದ್ದರೂ ಮುಂದಿನ ಸರದಿಗೆ ಬಂದು ನಿಲ್ಲುತ್ತಿದ್ದ. ಮತ್ತೆ ದುಡ್ಡು ಅವನು ಕದ್ದದ್ದಲ್ಲ. ಎಪ್‌ಸ್ಟೀನ್ ಕರೆದು ಕೊಟ್ಟದ್ದು. ಆರು ವರ್ಷ ತಂಡಗಳು ಅವನ ಮೇಲೆ ವ್ಯಾಪಾರ ಮಾಡಿದಾಗ ಯಾರೂ ಲೆಕ್ಕ ಕೇಳಲಿಲ್ಲ. ಅವನು ಒಂದು ಸಲ ಒಳ್ಳೆಯ ಬೆಲೆಗೆ ಸಹಿ ಹಾಕಿದಾಗ ಮಾತ್ರ ಎಲ್ಲರೂ ಲೆಕ್ಕಪರಿಶೋಧಕರಾದರು.

ಆಮೇಲೆ ಅಟ್ಲಾಂಟಾ, ಮಯಾಮಿ, ಸ್ಯಾನ್ ಡಿಯೆಗೊ, ಬಾಲ್ಟಿಮೋರ್, ಎರಡನೆಯ ಸಲ ವಾಷಿಂಗ್ಟನ್ (ಮೊದಲ ಸಲ ಕಬ್ಸ್‌ಗೂ ಮುಂಚೆ, 2012ರಲ್ಲಿ). 2018ರ ಹೊತ್ತಿಗೆ ಮೈನರ್ ಲೀಗ್‌ನಲ್ಲಿದ್ದ, ಅಂದರೆ ಕೆಳಗಿನ ಹಂತದಲ್ಲಿ. ಓಕ್ಲೆಂಡ್‌ನ ಪಿಚರ್‌ಗಳು ಒಬ್ಬರಾದ ಮೇಲೆ ಒಬ್ಬರು ಗಾಯಗೊಂಡು ಮಲಗಿದ್ದರು. ಕರೆದರು. ಜೂನ್ 25ಕ್ಕೆ, ನೋ-ಹಿಟರ್ ಎಸೆದು ಸರಿಯಾಗಿ ಎಂಟು ವರ್ಷಕ್ಕೆ, ಓಕ್ಲೆಂಡ್ ಬಟ್ಟೆ ತೊಟ್ಟ. 17 ಪಂದ್ಯ ಶುರು ಮಾಡಿದ. 6 ಗೆಲುವು, 3 ಸೋಲು, ಇಆರ್‌ಎ 3.33. ಆ ತಂಡ 97 ಗೆದ್ದು ಪ್ಲೇಆಫ್‌ಗೆ ಹೋಯಿತು. ದುಡ್ಡು ಆಗಲೇ ಬೇಕಾದಷ್ಟು ಇದ್ದ ಮನುಷ್ಯ 34ನೇ ವಯಸ್ಸಿನಲ್ಲಿ ಮೈನರ್ ಲೀಗ್‌ನಲ್ಲಿ ಕಾಯುತ್ತಾ ಕೂತದ್ದು ಯಾಕೆ? ಆಟ ಬೇಕಿತ್ತು, ಅಷ್ಟೇ.

2019ರ ಮೇನಲ್ಲಿ ಟೊರೊಂಟೊ ಪರ ಆಡಿ 14ನೇ ತಂಡದ ದಾಖಲೆ ಬರೆದ. 2011ರಲ್ಲಿ ಕೆಲವು ಗಂಟೆ ಮಾತ್ರ ಇಟ್ಟುಕೊಂಡು ಸಾಗಹಾಕಿದ್ದ ಅದೇ ಟೊರೊಂಟೊ. ಆ ವರ್ಷ ಚೆನ್ನಾಗಿ ನಡೆಯಲಿಲ್ಲ, ಕೈ ಸೋತಿತ್ತು. ಆದರೂ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿ ಅಮೆರಿಕದ ತಂಡದ ಜೊತೆ ಬೆಳ್ಳಿ ಪದಕ ತಂದ. 2022ರಲ್ಲಿ ನಿವೃತ್ತಿ.

2025ರ ಜುಲೈನಲ್ಲಿ ರಿಚ್ ಹಿಲ್, 45ನೇ ವಯಸ್ಸಿನಲ್ಲಿ, ಕ್ಯಾನ್ಸಸ್ ಸಿಟಿ ಪರ ಆಡಿ 14 ತಂಡಗಳ ದಾಖಲೆ ಸಮ ಮಾಡಿದ. ಅದೂ ರಿಗ್ಲಿಯಲ್ಲೇ, ಕಬ್ಸ್ ವಿರುದ್ಧ. ನನಗೂ ಖುಷಿಯಾಯಿತು. ಹಿಲ್ ದೊಡ್ಡ ಆಟಗಾರ. ಅವನದ್ದು ಛಲದ ಕಥೆ ಅಂತ ನೀವೆಲ್ಲ ಹಂಚಿಕೊಂಡಿರಿ. ಅದೇ ದಾಖಲೆ ಜಾಕ್ಸನ್ ಹೆಸರಿನಲ್ಲಿದ್ದಾಗ ನಗೆಪಾಟಲು ಮಾಡಿದಿರಿ. ಇದು ಯಾವ ನ್ಯಾಯ, ಹೇಳಿ?

ಕಾಮೆಂಟಿನಲ್ಲಿ 52 ಮಿಲಿಯನ್ ಅಂತ ಬರೆಯುವವರು ಬರೆಯಿರಿ, ನಾನು ಅಳಿಸುವುದಿಲ್ಲ. ಅದರ ಜೊತೆ ಒಂದಕ್ಕೆ ಉತ್ತರ ಕೊಡಿ. 2006ರಿಂದ 2011ರ ತನಕ ಅವನನ್ನು ಅಷ್ಟು ಸಲ ಮಾರಿದರಲ್ಲ, ಒಂದು ಸಲವಾದರೂ ಕೈಯಲ್ಲಿದ್ದ ಆಟಗಾರರನ್ನು ಬಿಟ್ಟುಕೊಡದೆ ಅವನನ್ನು ತಂದ ತಂಡ ಇದ್ದರೆ ಹೆಸರು ಹೇಳಿ. ದುಡ್ಡಿನ ವಿಷಯ ಆಮೇಲೆ ಮಾತಾಡೋಣ.